ಯಾವ ಸನ್ಯಾಸ, ಯಾರ ಸಂತರು? ಕನ್ನಡ ನಾಡಿನ ಕಥೋಲಿಕ ಧರ್ಮಸಭೆಯ ಒಂದು ಮುಗಿಯದ ಚರ್ಚೆ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳು ಬೆಂಗಳೂರು ಮಹಾಧರ್ಮಪ್ರಾಂತ್ಯದ ಉತ್ತರದ ಅಂಚಿನಲ್ಲಿವೆ. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಕ್ರೈಸ್ತರ ಪ್ರಮಾಣ ಶೇ 1.87; ತುಮಕೂರು ಜಿಲ್ಲೆಯಲ್ಲಿ ಅದು ಇನ್ನೂ ಕಡಿಮೆ. ಸಂಖ್ಯೆ ನೋಡಿ ಹೇಳುವುದಾದರೆ, ಕಥೋಲಿಕ ಸನ್ಯಾಸದ ಬಗ್ಗೆ ಬರೆಯುವವರು ಇಲ್ಲಿಂದ ಶುರುಮಾಡಬೇಕಿಲ್ಲ. ಮಂಗಳೂರಿಗೋ ಬೆಂಗಳೂರಿಗೋ ಹೋಗಬೇಕು. ಆದರೂ ಚರ್ಚೆಯ ಬಿಸಿ ತಿಳಿಯಬೇಕಾದರೆ ಈ ಬಯಲುಸೀಮೆಯಿಂದ ನೋಡುವುದೇ ಮೇಲು. ಇಲ್ಲಿಯ ಜನಕ್ಕೆ ಸ್ವಾಮಿ ಎಂದರೆ ಯಾರು, ಮಠ ಎಂದರೆ ಏನು ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಸಿದ್ಧಗಂಗೆಯ ದಾಸೋಹದಲ್ಲಿ ಉಂಡು ಓದಿದವರು ಊರೂರಿನಲ್ಲಿದ್ದಾರೆ. ಕೊರಟಗೆರೆಯಲ್ಲಿ ಸಿದ್ಧರಬೆಟ್ಟವಿದೆ. ಶಿರಾದಲ್ಲಿ 1651ರಲ್ಲಿ ಕಟ್ಟಿದ ಮಲಿಕ್ ರಿಹಾನ್ ದರ್ಗಾ ಇದೆ. ಪಾವಗಡದ ಶ್ರೀ ರಾಮಕೃಷ್ಣ ಸೇವಾಶ್ರಮ ಕ್ಷಯ, ಕುಷ್ಠ ರೋಗಿಗಳ ಆರೈಕೆಯಿಂದ ಹೆಸರು ಮಾಡಿದೆ. ಪವಾಡ, ಹರಕೆ, ಅನ್ನ, ಅಕ್ಷರ, ಔಷಧ ಎಲ್ಲಕ್ಕೂ ಇಲ್ಲಿ ಆಗಲೇ ಒಬ್ಬೊಬ್ಬ ಸಂತರಿದ್ದಾರೆ.

ಇಂಥ ನೆಲಕ್ಕೆ ಬರುವ ಕಥೋಲಿಕ ಸನ್ಯಾಸಿ ಹೇಗಿರಬೇಕು? ಕಾವಿ ಉಡಬೇಕೆ, ಗೋಡೆಯೊಳಗೆ ಮೌನವಾಗಿ ಪ್ರಾರ್ಥಿಸಬೇಕೆ, ಆಸ್ಪತ್ರೆ ಕಟ್ಟಬೇಕೆ, ಕೂಲಿಯವರ ಜೊತೆ ಬೀದಿಗಿಳಿಯಬೇಕೆ? ಧರ್ಮಸಭೆಯ ನವೀಕರಣ ಇವುಗಳಲ್ಲಿ ಯಾವುದರಿಂದ? ಸುಮಾರು 375 ವರ್ಷಗಳಿಂದ ಕನ್ನಡ ನಾಡಿನಲ್ಲಿ ಈ ಪ್ರಶ್ನೆಗಳು ಓಡಾಡುತ್ತಿವೆ.

ಕಾವಿ ಉಟ್ಟ ಮೊದಲಿಗರು

ಮೂಲ ಮಧುರೆಯಲ್ಲಿದೆ. 1606ರಲ್ಲಿ ಅಲ್ಲಿಗೆ ಬಂದ ಇಟಲಿಯ ಯೇಸುಸಭೆಯ ರೋಬರ್ಟೊ ದೆ ನೊಬಿಲಿ ಪರಂಗಿ ವೇಷ ಬಿಟ್ಟು, ಮಾಂಸ ಬಿಟ್ಟು, ಬ್ರಾಹ್ಮಣ ಸನ್ಯಾಸಿಯ ಹಾಗೆ ಬದುಕತೊಡಗಿದರು. ಜನಿವಾರ, ಜುಟ್ಟು, ಗಂಧ ಇವು ಧರ್ಮದ ಗುರುತುಗಳಲ್ಲ, ಸಮಾಜದ ಗುರುತುಗಳು ಎಂಬುದು ಅವರ ವಾದ. ಗೋವೆಯಲ್ಲಿ ದೊಡ್ಡ ಗಲಾಟೆಯಾಯಿತು. ಕೊನೆಗೆ 1623ರಲ್ಲಿ ಪೋಪ್ 15ನೇ ಗ್ರೆಗೊರಿ ಷರತ್ತುಗಳೊಡನೆ ಒಪ್ಪಿಗೆ ಕೊಟ್ಟರು.

ಅದೇ ಸಭೆಯ ಲಿಯೊನಾರ್ದೊ ಚಿನ್ನಮಿ 1640ರ ದಶಕದ ಕೊನೆಯಲ್ಲಿ, ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, ಶ್ರೀರಂಗಪಟ್ಟಣಕ್ಕೆ ಬಂದು ಮೈಸೂರು ಮಿಷನ್ ಆರಂಭಿಸಿದರು. ಕನ್ನಡ ಕಲಿತು ವ್ಯಾಕರಣ, ನಿಘಂಟು, ಧರ್ಮೋಪದೇಶದ ಪುಸ್ತಕಗಳನ್ನು ಸಿದ್ಧಪಡಿಸಿದರು. ಶಿರಾದಲ್ಲಿ ಮಲಿಕ್ ರಿಹಾನ್ ದರ್ಗಾ ಮೇಲೇಳುತ್ತಿದ್ದದ್ದೂ ಇದೇ ಹೊತ್ತಿಗೆ ಎಂಬುದನ್ನು ನೆನೆದರೆ, ಎರಡು ಪರಸ್ಥಳದ ಭಕ್ತಿಗಳು ಒಂದೇ ಕಾಲಕ್ಕೆ ಈ ನಾಡಿನಲ್ಲಿ ಬೇರು ಹುಡುಕುತ್ತಿದ್ದವು ಎನ್ನಬೇಕು. ದರ್ಗಾ ಬೇಗ ಊರಿನದಾಯಿತು, ಚರ್ಚು ತಡಮಾಡಿತು. 18ನೇ ಶತಮಾನದ ಮೊದಲ ದಶಕಗಳಲ್ಲಿ ಫ್ರೆಂಚ್ ಯೇಸುಸಭೆಯ ಕರ್ನಾಟಿಕ್ ಮಿಷನ್ ಚಿಕ್ಕಬಳ್ಳಾಪುರದಲ್ಲಿ ನೆಲೆ ಮಾಡಿತು. ಮಧುಗಿರಿಯಿಂದ ಗೌರಿಬಿದನೂರು ದಾಟಿದರೆ ಚಿಕ್ಕಬಳ್ಳಾಪುರವೇ. ಎತಿಯೆನ್ ಲ ಗಾಕ್ ಎಂಬ ಗುರುಗಳು ಅಲ್ಲಿಂದ ಬರೆದ ಪತ್ರಗಳು ಪ್ಯಾರಿಸ್ಸಿನಲ್ಲಿ ಅಚ್ಚಾದವು. ಈ ಗುರುಗಳ ಉಡುಪೂ ಸನ್ಯಾಸಿಗಳದೇ.

ಇಲ್ಲೊಂದು ಸಂಗತಿಯನ್ನು ಕಾವಿಯ ಅಭಿಮಾನಿಗಳು ಮೆಲ್ಲಗೆ ದಾಟಿಬಿಡುತ್ತಾರೆ. ಬ್ರಾಹ್ಮಣ ಸನ್ಯಾಸಿಯಾಗಿ ಬದುಕುವ ಗುರು ಹೊಲೆಗೇರಿಗೆ ಹೋಗುವಂತಿರಲಿಲ್ಲ. ಹೋದರೆ ಮೇಲುಜಾತಿಯವರು ಹತ್ತಿರ ಸೇರಿಸುತ್ತಿರಲಿಲ್ಲ. ಹಾಗಾಗಿ 1640ರ ಸುಮಾರಿಗೆ ಕೆಳಜಾತಿಗಳಿಗಾಗಿ ಪಂಡಾರಸ್ವಾಮಿಗಳು ಎಂಬ ಬೇರೆ ಗುರುಗಳೇ ಹುಟ್ಟಿಕೊಂಡರು. ಒಂದೇ ಸಭೆ, ಒಂದೇ ವ್ರತ, ಎರಡು ಪಂಕ್ತಿ. 1704ರಲ್ಲಿ ರೋಮಿನ ಪ್ರತಿನಿಧಿ ದ ತುರ್ನೋ ಪುದುಚೇರಿಯಲ್ಲಿ ಹಲವು ದೇಶೀ ಆಚರಣೆಗಳಿಗೆ ನಿಷೇಧ ಹಾಕಿದರು. 1744ರಲ್ಲಿ ಪೋಪ್ 14ನೇ ಬೆನೆಡಿಕ್ಟ್ ಆ ನಿಷೇಧವನ್ನು ಖಾಯಂ ಮಾಡಿದರು. ಆದರೆ ಅಸ್ಪೃಶ್ಯರಿಗೆ ಪ್ರತ್ಯೇಕ ಗುರುಗಳನ್ನು ನೇಮಿಸುವ ಯೇಸುಸಭೆಯ ಸಲಹೆಯನ್ನು ಒಪ್ಪಿಕೊಂಡರು. ಗಂಧ ಹೋಯಿತು, ಪಂಕ್ತಿ ಉಳಿಯಿತು. 1773ರಲ್ಲಿ ಯೇಸುಸಭೆಯೇ ವಿಸರ್ಜನೆಯಾಗಿ, ಈ ಮಿಷನ್‌ಗಳು ಪ್ಯಾರಿಸ್ಸಿನ ವಿದೇಶಿ ಮಿಷನ್ ಸಂಸ್ಥೆಯ ಕೈಗೆ ಬಂದವು.

ಆ ಸಂಸ್ಥೆಯ ಅಬ್ಬೆ ದುಬ್ವಾ 1792ರಲ್ಲಿ ಭಾರತಕ್ಕೆ ಬಂದು, ಟಿಪ್ಪು ಮಡಿದ ಮೇಲೆ ಮೈಸೂರು ಸೀಮೆಯಲ್ಲಿ ನೆಲೆಸಿದವರು. ದೇಶೀ ಉಡುಗೆ, ಸಸ್ಯಾಹಾರ. ಜನ ದೊಡ್ಡಸ್ವಾಮಿ ಎಂದು ಕರೆದರು. 1803-04ರಲ್ಲಿ ಸಿಡುಬಿನ ಲಸಿಕೆಯನ್ನು ಸುಮಾರು 25 ಸಾವಿರ ಜನಕ್ಕೆ ಹಾಕಿಸಿದವರೂ ಇವರೇ. ಮೂರು ದಶಕ ಹೀಗೆ ಬದುಕಿ 1823ರಲ್ಲಿ ಫ್ರಾನ್ಸಿಗೆ ಮರಳಿದ ದುಬ್ವಾ, ಭಾರತದ ಕ್ರೈಸ್ತ ಸ್ಥಿತಿಗತಿಯ ಬಗ್ಗೆ ಪ್ರಕಟಿಸಿದ ಪತ್ರಗಳಲ್ಲಿ ಈ ಪ್ರಯತ್ನಕ್ಕೆ ಭವಿಷ್ಯವಿಲ್ಲ ಎಂದು ಕಡ್ಡಿ ಮುರಿದಂತೆ ಹೇಳಿದರು. ಕಾವಿ ಪಂಥದ ಇತಿಹಾಸದಲ್ಲಿ ಇಷ್ಟು ನಿಷ್ಠುರ ಸಾಕ್ಷಿ ಇನ್ನೊಬ್ಬರಿಲ್ಲ.

ಮಂಗಳೂರಿನ ಮೌನ

ಕರಾವಳಿಯ ಕತೆಯೇ ಬೇರೆ. ಇಲ್ಲಿ ಸನ್ಯಾಸಿಯ ವೇಷದ ತಾಪತ್ರಯವಿರಲಿಲ್ಲ. ಗೋವೆಯಿಂದ ಬಂದ ಕೊಂಕಣಿ ಕಥೋಲಿಕರ ಸಮುದಾಯವೇ ಇತ್ತು. ಇದ್ದ ತೊಂದರೆ ಅಧಿಕಾರದ್ದು. ಪೋರ್ತುಗಲ್ ದೊರೆಯ ಹಕ್ಕಿನ ಧರ್ಮಾಧ್ಯಕ್ಷರು ಒಂದು ಕಡೆ, ರೋಮಿನಿಂದ ನೇರ ನೇಮಕಗೊಂಡವರು ಇನ್ನೊಂದು ಕಡೆ, ನಡುವೆ ಜನ. ಈ ಜಗಳದ ನಡುವೆ 1681ರಲ್ಲಿ ಕೆನರಾಕ್ಕೆ ಬಂದ ಗೋವೆಯ ಯಾಜಕ ಜೋಸೆಫ್ ವಾಜ್ 1684ರವರೆಗೆ ಊರೂರು ನಡೆದು ಕೆಲಸ ಮಾಡಿದರು. ಮುಡಿಪು ಗುಡ್ಡದಲ್ಲಿ ಇಂದಿಗೂ ಅವರ ಹೆಸರಿನಲ್ಲಿ ಜನ ಸೇರುತ್ತಾರೆ. ಮುಂದೆ ಅವರು ಶ್ರೀಲಂಕೆಗೆ ಹೋಗಿ ಡಚ್ಚರ ಕಣ್ಣುತಪ್ಪಿಸಿ ದುಡಿದು 1711ರಲ್ಲಿ ಕ್ಯಾಂಡಿಯಲ್ಲಿ ತೀರಿಕೊಂಡರು. 2015ರ ಜನವರಿ 14ರಂದು ಕೊಲಂಬೊದಲ್ಲಿ ಪೋಪ್ ಫ್ರಾನ್ಸಿಸ್ ಅವರಿಗೆ ಸಂತಪದವಿ ಕೊಟ್ಟರು. ಎರಡನೆಯ ಪವಾಡದ ನಿಯಮವನ್ನು ಅವರ ವಿಷಯದಲ್ಲಿ ಸಡಿಲಿಸಿದರು. ವಾಜ್ ಸೇರಿದ ಗೋವೆಯ ಒರೆಟರಿ ಸಂಘ ದೇಶೀಯರೇ ನಡೆಸಿದ ಧಾರ್ಮಿಕ ಸಂಘ ಎಂಬ ಹೆಮ್ಮೆ ಇದೆ, ಅದು ನಿಜವೂ ಹೌದು. ಬ್ರಾಹ್ಮಣ ಮೂಲದ ಯಾಜಕರಿಗೆ ಮಾತ್ರ ಅದರ ಬಾಗಿಲು ತೆರೆದಿತ್ತು ಎಂಬುದೂ ನಿಜ.

ಅದೇ 2015ರ ಮೇ 17ರಂದು ಸಂತಳೆಂದು ಘೋಷಿತಳಾದ ಮರಿಯಂ ಬವಾರ್ದಿಯ ಕತೆ ಕನ್ನಡ ಓದುಗರಿಗೆ ಹೆಚ್ಚು ತಿಳಿದಿಲ್ಲ. ಗಲಿಲೇಯದ ಇಬಿಲ್ಲಿನ್ ಹಳ್ಳಿಯ ಅರಬ್ ಹುಡುಗಿ, ಹುಟ್ಟಿದ್ದು 1846ರಲ್ಲಿ, ಸಣ್ಣವಳಿದ್ದಾಗಲೇ ತಬ್ಬಲಿ, ಮನೆಗೆಲಸ ಮಾಡಿಕೊಂಡು ಊರೂರು ಅಲೆದು ಕೊನೆಗೆ ಫ್ರಾನ್ಸಿನ ಪೋ ನಗರದ ಕಾರ್ಮೆಲ್ ಮಠ ಸೇರಿದಳು. ಮಂಗಳೂರಿನ ಧರ್ಮಾಧ್ಯಕ್ಷ ಮರಿ ಎಫ್ರೆಮ್ ಅಲ್ಲಿಂದ ಸಹೋದರಿಯರನ್ನು ಕರೆಸಿದಾಗ, 1870ರಲ್ಲಿ, ಅವರ ಜೊತೆ ಇವಳೂ ಹೊರಟಳು. ದಾರಿಯಲ್ಲೇ ಕೆಲವರು ಸತ್ತರು. ಉಳಿದವರು ಮಂಗಳೂರಿನಲ್ಲಿ ಗೋಡೆಯೊಳಗಿನ ಕಾರ್ಮೆಲ್ ಮಠ ಸ್ಥಾಪಿಸಿದರು. 1871ರ ನವೆಂಬರ್ 21ರಂದು ಮರಿಯಂ ಇಲ್ಲಿಯೇ ವ್ರತ ತೆಗೆದುಕೊಂಡಳು. ಅವಳ ಪರವಶತೆ, ದೇಹದ ಮೇಲೆ ಮೂಡುತ್ತಿದ್ದ ಗಾಯಗಳು ಮೊದಮೊದಲು ಭಕ್ತಿ ಹುಟ್ಟಿಸಿದವು. ಸ್ವಲ್ಪ ದಿನಕ್ಕೆ ಇದು ದೇವರದೋ ದೆವ್ವದ್ದೋ ಎಂಬ ಅನುಮಾನ ಬಂತು. 1872ರಲ್ಲಿ ಅವಳನ್ನು ವಾಪಸು ಕಳಿಸಿದರು. ಬೆತ್ಲೆಹೆಮ್ಮಿನಲ್ಲಿ ಮಠ ಕಟ್ಟಿಸುತ್ತಿದ್ದಾಗ ಬಿದ್ದು ಗಾಯಗೊಂಡು 1878ರಲ್ಲಿ ಸತ್ತಳು. ಮಂಗಳೂರು ಅನುಮಾನಿಸಿ ಕಳಿಸಿದ ಹುಡುಗಿಯನ್ನು ರೋಮ್ 143 ವರ್ಷದ ಮೇಲೆ ಸಂತಳೆಂದಿತು. ಈ ವಿಳಂಬವೇ ಒಂದು ಪಾಠ ಎನ್ನುವವರಿದ್ದಾರೆ. ಮಠದ ಅಧಿಕಾರ ಮತ್ತು ಒಬ್ಬ ಹೆಣ್ಣಿನ ಅನುಭವ ಎದುರಾದಾಗ ಯಾವುದು ಮೊದಲು ಗೆಲ್ಲುತ್ತದೆ ಎಂಬುದಕ್ಕೆ ಇದು ಸಾಕ್ಷಿ ಎಂದು ನಾನಂತೂ ಓದುತ್ತೇನೆ.

ಮರಿಯಂ ಸೇರಿದ್ದ ಈ ಗೋಡೆಯೊಳಗಿನ ಧ್ಯಾನ ಪಂಥದ ನಿಲುವು ಸರಳ: ಪ್ರಾರ್ಥನೆಯೇ ಕೆಲಸ. ಫ್ರಾನ್ಸಿನ ಲಿಸಿಯ ಕಾರ್ಮೆಲ್ ಸನ್ಯಾಸಿನಿ ತೆರೇಸಾ ಮಠದ ಗೋಡೆ ದಾಟಿ ಯಾವ ಮಿಷನ್ನಿಗೂ ಹೋಗಲಿಲ್ಲ. 1927ರಲ್ಲಿ ಆಕೆಯೇ ಮಿಷನ್‌ಗಳ ಪಾಲಕಿಯಾದಳು. ಧರ್ಮಸಭೆಯ ನವೀಕರಣಗಳು ಮತ್ತೆ ಮತ್ತೆ ಸಣ್ಣ ಮಠಗಳಿಂದಲೇ ಏಕೆ ಹೊರಡುತ್ತವೆ ಎಂಬುದನ್ನು ಈ ಪಂಥ ಚೆನ್ನಾಗಿ ವಿವರಿಸುತ್ತದೆ. ಆವಿಲದ ತೆರೇಸಾ 16ನೇ ಶತಮಾನದಲ್ಲಿ ಕಾರ್ಮೆಲ್ ಸಭೆಯನ್ನು ತಿದ್ದಿದ್ದೂ ಹಾಗೆಯೇ. ಊರಿನ ಬರ, ಕೂಲಿ, ಜಾತಿಗಳ ಬಗ್ಗೆ ಮಾತ್ರ ಅದು ಮಾತಾಡುವುದಿಲ್ಲ.

ಶಾಲೆ, ಆಸ್ಪತ್ರೆ ಮತ್ತು ಬೀದಿ

ಕರ್ನಾಟಕದ ಬಹುಪಾಲು ಜನರಿಗೆ ಕಥೋಲಿಕ ಸನ್ಯಾಸವೆಂದರೆ ಸಿಸ್ಟರ್. ಬೆಂಗಳೂರಿಗೆ 1854ರಲ್ಲಿ ಗುಡ್ ಶೆಫರ್ಡ್ ಸಹೋದರಿಯರು ಬಂದರು, 1886ರಲ್ಲಿ ಸೇಂಟ್ ಮಾರ್ಥಾಸ್ ಆಸ್ಪತ್ರೆ ತೆರೆಯಿತು. ಮಂಗಳೂರಿಗೆ 1870ರಲ್ಲಿ ಅಪೊಸ್ತಲಿಕ್ ಕಾರ್ಮೆಲ್ ಬಂದು ಹೆಣ್ಣುಮಕ್ಕಳ ಶಿಕ್ಷಣಕ್ಕೆ ಕೈಹಾಕಿತು. 1921ರಲ್ಲಿ ಮಂಗಳೂರಿನ ಯಾಜಕ ರೇಮಂಡ್ ಮಸ್ಕರೇನ್ಹಸ್ ನಾಲ್ವರು ಸ್ಥಳೀಯ ಶಿಕ್ಷಕಿಯರೊಡನೆ ಬೆಥನಿ ಸಂಸ್ಥೆಯನ್ನು ಕಟ್ಟಿದರು. ಯುರೋಪಿನ ಹಂಗಿಲ್ಲದೆ ಇಲ್ಲಿಯ ಹೆಣ್ಣುಮಕ್ಕಳಿಂದಲೇ ಬೆಳೆದ ಈ ಸಂಸ್ಥೆಯ ಕೆಲಸ ಹಳ್ಳಿಗಳವರೆಗೂ ಮುಟ್ಟಿತು.

ಸೇವೆಯ ಪಂಥ ಗೆದ್ದಿತು ಎನ್ನಲು ಅಂಕಿಅಂಶ ಬೇಕಿಲ್ಲ. ಆದರೆ ಗೆಲುವೇ ಅದರ ತೊಡಕೂ ಆಯಿತು. ದೊಡ್ಡ ಆಸ್ಪತ್ರೆ, ಇಂಗ್ಲಿಷ್ ಶಾಲೆಗಳು ನಗರದ ಮಧ್ಯಮವರ್ಗದ ಕಡೆ ವಾಲಿದವು. 1970ರ ದಶಕದಲ್ಲಿ ಇದರ ವಿರುದ್ಧ ಒಳಗಿನಿಂದಲೇ ಎದ್ದ ದನಿ ದಾನಕ್ಕಿಂತ ನ್ಯಾಯ ಮುಖ್ಯ ಎಂದಿತು. ಬೆಂಗಳೂರಿನ ಇಂಡಿಯನ್ ಸೋಷಿಯಲ್ ಇನ್‌ಸ್ಟಿಟ್ಯೂಟಿನ ನಿರ್ದೇಶಕರಾಗಿದ್ದು ಮುಂದೆ ಜಾರ್ಖಂಡಿನ ಆದಿವಾಸಿಗಳ ನಡುವೆ ದುಡಿದ ಯೇಸುಸಭೆಯ ಸ್ಟ್ಯಾನ್ ಸ್ವಾಮಿ 2021ರ ಜುಲೈ 5ರಂದು ನ್ಯಾಯಾಂಗ ಬಂಧನದಲ್ಲಿದ್ದಾಗಲೇ ಮುಂಬೈಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಸನ್ಯಾಸಿ ಎಲ್ಲಿಯವರೆಗೆ ಹೋಗಬಹುದು ಎಂಬ ಪ್ರಶ್ನೆಗೆ ಅವರ ಸಾವು ಹೊಸ ತೂಕ ಕೊಟ್ಟಿದೆ.

ಹಿಂದೂ, ಕಥೋಲಿಕ ಸನ್ಯಾಸಗಳ ನಡುವಿನ ಕೊಡುಕೊಳೆಯ ಇನ್ನೊಂದು ಮುಖವನ್ನೂ ಹೇಳಬೇಕು. ಕಥೋಲಿಕರು ಹಿಂದೂ ಸನ್ಯಾಸದಿಂದ ಕಾವಿ ತೆಗೆದುಕೊಂಡದ್ದು ಎಲ್ಲರಿಗೂ ಕಾಣುತ್ತದೆ. ಮುಂದೆ ವಿವೇಕಾನಂದರಾದ ನರೇಂದ್ರ ಮತ್ತು ಅವರ ಗುರುಬಂಧುಗಳು 1886ರ ಡಿಸೆಂಬರ್ 24ರ ರಾತ್ರಿ ಆಂಟ್‌ಪುರದಲ್ಲಿ ಧುನಿಯ ಮುಂದೆ ಕುಳಿತು ಸನ್ಯಾಸದ ಸಂಕಲ್ಪ ಮಾಡಿದಾಗ ಮಾತು ಯೇಸುವಿನ ಬಗ್ಗೆಯೂ ನಡೆದಿತ್ತು ಎಂಬುದೂ, ಅದು ಕ್ರಿಸ್ಮಸ್ ಹಿಂದಿನ ರಾತ್ರಿ ಎಂದು ಅವರಿಗೆ ಆಮೇಲೆ ಹೊಳೆದದ್ದೂ ಅಷ್ಟಾಗಿ ಚರ್ಚೆಯಾಗುವುದಿಲ್ಲ. ಪಾವಗಡದಲ್ಲಿ ಕುಷ್ಠರೋಗಿಯ ಹುಣ್ಣು ತೊಳೆಯುವ ಕಾವಿಧಾರಿಯನ್ನೂ ಬೆಂಗಳೂರಿನ ಆಸ್ಪತ್ರೆಯ ಸಿಸ್ಟರನ್ನೂ ಬೇರೆ ಬೇರೆ ಪುಸ್ತಕಗಳಲ್ಲಿ ಇಟ್ಟು ಓದುವುದು ನಮ್ಮ ಅಭ್ಯಾಸ. ಆ ಅಭ್ಯಾಸ ಬಿಡುವುದು ಒಳ್ಳೆಯದು.

1965ರ ನಂತರದ ಕಾವಿ

ಎರಡನೇ ವ್ಯಾಟಿಕನ್ ಮಹಾಸಭೆ ನಡೆದದ್ದು 1962ರಿಂದ 1965ರವರೆಗೆ. ಅದರ ಎರಡು ದಸ್ತಾವೇಜುಗಳು ಒಂದೇ ದಿನ, 1965ರ ಅಕ್ಟೋಬರ್ 28ರಂದು, ಹೊರಬಂದವು. ಒಂದು ಧಾರ್ಮಿಕ ಜೀವನದ ನವೀಕರಣದ ಬಗ್ಗೆ: ನಿಮ್ಮ ಸ್ಥಾಪಕರ ಮೂಲ ಸ್ಫೂರ್ತಿಗೆ ಮರಳಿರಿ, ಕಾಲಕ್ಕೆ ಹೊಂದಿಕೊಳ್ಳಿರಿ ಎಂದು ಅದು ಹೇಳಿತು. ಇನ್ನೊಂದು ಇತರ ಧರ್ಮಗಳ ಬಗ್ಗೆ: ಅವುಗಳಲ್ಲಿರುವ ಸತ್ಯವನ್ನೂ ಪವಿತ್ರವಾದುದನ್ನೂ ತಿರಸ್ಕರಿಸುವುದಿಲ್ಲ ಎಂದಿತು. ಭಾರತದಲ್ಲಿ ಇವೆರಡನ್ನೂ ಒಟ್ಟಿಗೆ ಓದಿದವರು ಆಶ್ರಮಕ್ಕೆ ಬಂದು ತಲುಪಿದರು.

ಪ್ರಯೋಗ ಅದಕ್ಕೂ ಮೊದಲೇ ಶುರುವಾಗಿತ್ತು. 1950ರಲ್ಲಿ ತಮಿಳುನಾಡಿನ ಕುಳಿತಲೈ ಬಳಿ ಫ್ರೆಂಚ್ ಯಾಜಕ ಮೊನ್‌ಶಾನೆ ಮತ್ತು ಅಭಿಷಿಕ್ತಾನಂದರೆಂದು ಹೆಸರಾದ ಹೆನ್ರಿ ಲ ಸೊ ಶಾಂತಿವನ ಆಶ್ರಮವನ್ನು ಸ್ಥಾಪಿಸಿದ್ದರು. 1955ರಲ್ಲಿ ಇಂಗ್ಲೆಂಡಿನ ಬೆನೆಡಿಕ್ಟೈನ್ ಸನ್ಯಾಸಿ ಬೀಡ್ ಗ್ರಿಫಿತ್ಸ್ ಬಂದಿಳಿದದ್ದು ಬೆಂಗಳೂರಿನ ಪಕ್ಕದ ಕೆಂಗೇರಿಗೆ. ಅಲ್ಲಿಯ ಪ್ರಯತ್ನ ನೆಲೆಗೊಳ್ಳಲಿಲ್ಲ. 1958ರಲ್ಲಿ ಅವರು ಕೇರಳದ ಕುರಿಶುಮಲೆಗೂ, 1968ರಲ್ಲಿ ಶಾಂತಿವನಕ್ಕೂ ಹೋದರು. ಮೈಸೂರು ರಸ್ತೆಯಲ್ಲಿ ಬೆಲ್ಜಿಯಂ ಮೂಲದ ಬೆನೆಡಿಕ್ಟೈನರ ಆಶೀರ್ವನಂ ಮಠ ಮಾತ್ರ ಉಳಿದು ಬೆಳೆಯಿತು.

ಚರ್ಚೆಗೆ ಒಂದು ವಿಳಾಸ ಸಿಕ್ಕಿದ್ದು 1967ರಲ್ಲಿ, ಡಿ. ಎಸ್. ಅಮಲೋರ್‌ಪವದಾಸ್ ಬೆಂಗಳೂರಿನಲ್ಲಿ ರಾಷ್ಟ್ರೀಯ ಬೈಬಲ್, ಧರ್ಮೋಪದೇಶ ಮತ್ತು ಆರಾಧನಾ ಕೇಂದ್ರವನ್ನು ಕಟ್ಟಿದಾಗ. 1969ರಲ್ಲಿ ರೋಮ್ ಒಪ್ಪಿದ ಹನ್ನೆರಡು ಅಂಶಗಳು ಇಂದು ಓದಲು ಸಾಧಾರಣ: ಚಪ್ಪಲಿ ಬಿಟ್ಟು ನೆಲದ ಮೇಲೆ ಕೂರಬಹುದು, ಮೊಣಕಾಲೂರುವ ಬದಲು ಕೈಮುಗಿಯಬಹುದು, ಯಾಜಕರು ಶಾಲು ಹೊದೆಯಬಹುದು, ಎಣ್ಣೆದೀಪ ಹಚ್ಚಬಹುದು, ಆರತಿ ಎತ್ತಬಹುದು. ಇಷ್ಟಕ್ಕೆ ಇಪ್ಪತ್ತು ವರ್ಷ ಜಗಳವಾಯಿತು. ಅಮಲೋರ್‌ಪವದಾಸರು ಮೈಸೂರು ವಿಶ್ವವಿದ್ಯಾಲಯದಲ್ಲಿ ಕ್ರೈಸ್ತ ಅಧ್ಯಯನ ಪೀಠ ಕಟ್ಟಿ, 1979ರಲ್ಲಿ ಚಾಮುಂಡಿ ಬೆಟ್ಟದ ತಪ್ಪಲಿನಲ್ಲಿ ಅಂಜಲಿ ಆಶ್ರಮ ಸ್ಥಾಪಿಸಿ, ಸ್ವಾಮಿ ಅಮಲೋರಾನಂದರಾದರು. 1990ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು.

ವಿರೋಧ ಮೂರು ದಿಕ್ಕಿನಿಂದ ಬಂತು. ಕಥೋಲಿಕ ಸಂಪ್ರದಾಯವಾದಿಗಳು ಇದು ಧರ್ಮಸಭೆಯನ್ನು ಹಿಂದೂಕರಿಸುವ ಹುನ್ನಾರ ಎಂದರು. ವಿಕ್ಟರ್ ಕುಲಂದೈ 1980ರ ದಶಕದಲ್ಲಿ ಇದರ ಮೇಲೆ ಪುಸ್ತಕವನ್ನೇ ಬರೆದರು. ಹಿಂದುತ್ವದ ಚಿಂತಕರು ತದ್ವಿರುದ್ಧ ಆರೋಪ ಹೊರಿಸಿದರು. ಕಥೋಲಿಕ ಆಶ್ರಮಗಳ ಮೇಲೆ 1988ರಲ್ಲಿ ಪುಸ್ತಕ ತಂದ ಸೀತಾರಾಮ ಗೋಯಲ್ ಪ್ರಕಾರ ಇದು ಮತಾಂತರಕ್ಕೆ ಹಾಕಿದ ಮುಸುಕು. ಒಂದೇ ಕಾವಿಯನ್ನು ಒಬ್ಬರು ಶರಣಾಗತಿಯೆಂದೂ ಇನ್ನೊಬ್ಬರು ಆಕ್ರಮಣವೆಂದೂ ಕಂಡರು. ಎರಡೂ ನಿಜವಾಗಿರಲು ಸಾಧ್ಯವಿಲ್ಲ. ಆಶ್ರಮಗಳು ಎಷ್ಟು ಜನರನ್ನು ಮತಾಂತರಿಸಿದವು ಎಂದು ಹುಡುಕಿದರೆ ಗೋಯಲ್ ಅವರ ವಾದ ಬಹಳ ದೂರ ಹೋಗುವುದಿಲ್ಲ, ಏಕೆಂದರೆ ಅಲ್ಲಿಗೆ ಬರುತ್ತಿದ್ದವರಲ್ಲಿ ಹೆಚ್ಚಿನವರು ಆಗಲೇ ಕ್ರೈಸ್ತರು, ಬಹಳಷ್ಟು ಮಂದಿ ಯುರೋಪಿನವರು.

ಮೂರನೆಯ ವಿರೋಧವೇ ನನಗೆ ಗಟ್ಟಿಯಾಗಿ ಕಾಣುವುದು. ಬೆಂಗಳೂರಿನಲ್ಲಿ ನೆಲೆಸಿದ್ದ ದೇವಶಾಸ್ತ್ರಜ್ಞ ಸೆಬಾಸ್ಟಿಯನ್ ಕಾಪೆನ್ ಆಶ್ರಮದ ಭಾರತ ಯಾರ ಭಾರತ ಎಂದು ಕೇಳಿದರು. ಉಪನಿಷತ್ತು, ಸಂಸ್ಕೃತ, ಕಾವಿ, ಸಸ್ಯಾಹಾರ: ದೇಶೀಕರಣ ಎಂದಾಗ ಕೈಗೆ ಬಂದದ್ದೆಲ್ಲ ಬ್ರಾಹ್ಮಣ್ಯದ್ದು. ಚರ್ಚಿನಲ್ಲಿ ಕೂತವರೋ ಬಹುಪಾಲು ದಲಿತರು, ಹಿಂದುಳಿದವರು. 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ ಪ್ರೊಟೆಸ್ಟೆಂಟ್ ಚಿಂತಕ ಅರವಿಂದ ನಿರ್ಮಲ್ ಮಾಡಿದ ಭಾಷಣದಿಂದ ಈ ಪ್ರಶ್ನೆ ದಲಿತ ದೇವಶಾಸ್ತ್ರವಾಗಿ ಬೆಳೆಯಿತು. ತುಮಕೂರಿನಿಂದಲೇ 2001ರಲ್ಲಿ ಎಂ. ಸಿ. ರಾಜ್ ಅವರ 'ದಲಿತಾಲಜಿ' ಹೊರಬಂತು. ಕನ್ನಡದಲ್ಲಿ ಈ ವಾದಕ್ಕೆ ಇನ್ನೊಂದು ಮೊನೆ ಇದೆ: ಸಂಸ್ಕೃತಕ್ಕೆ ಹೋಗುವ ಮೊದಲು ವಚನಗಳಿದ್ದವಲ್ಲ? ಕಾಯಕ, ದಾಸೋಹ ಬಲ್ಲ ತುಮಕೂರು ಸೀಮೆಗೆ ಬರುವ ಕ್ರೈಸ್ತ ಸನ್ಯಾಸಿ ಕಾಶಿಯ ಕಡೆ ನೋಡುವ ಅಗತ್ಯವೇನಿತ್ತು? ಆಶ್ರಮ ಪಂಥದ ದೊಡ್ಡ ಬರಹಗಳಲ್ಲಿ ಇದಕ್ಕೆ ತೃಪ್ತಿಕರ ಉತ್ತರ ಇಲ್ಲ.

ಹರಕೆಯ ಸಂತರು

ಪಂಡಿತರು ವಾದಿಸುತ್ತಿರುವಾಗ ಜನ ತಮ್ಮ ದಾರಿ ಹಿಡಿದಿದ್ದರು. ಕೆ. ಆರ್. ನಗರದ ಬಳಿಯ ಡೋರ್ನಹಳ್ಳಿಯಲ್ಲಿ ಉಳುವಾಗ ಸಿಕ್ಕಿತೆನ್ನುವ ಸಂತ ಅಂತೋಣಿಯವರ ಮೂರ್ತಿಗೆ ಎಲ್ಲ ಧರ್ಮದವರೂ ಹರಕೆ ಹೊರುತ್ತಾರೆ. 2019ರಲ್ಲಿ ಅದು ಬಸಿಲಿಕವಾಯಿತು. ಕಾರ್ಕಳದ ಅತ್ತೂರು 2016ರಲ್ಲಿ, ಹರಿಹರದ ಆರೋಗ್ಯ ಮಾತೆ 2023ರಲ್ಲಿ ಆ ಗೌರವ ಪಡೆದವು. ಇಲ್ಲಿ ಯಾರೂ ದೇಶೀಕರಣದ ಅಂಶಗಳನ್ನು ಓದಿಕೊಂಡು ಬಂದಿಲ್ಲ. ತೇರು, ಮುಡಿ, ಮೇಣದ ಬತ್ತಿ, ಎಣ್ಣೆ, ಉಪ್ಪು ಎಲ್ಲ ತಾವಾಗಿ ಬಂದಿವೆ. ಶಿರಾದ ದರ್ಗಾಕ್ಕೆ ಹೋಗುವವರಿಗೂ ಡೋರ್ನಹಳ್ಳಿಗೆ ಹೋಗುವವರಿಗೂ ಸಂತನಿಂದ ಬೇಕಾದದ್ದು ಬಹುಮಟ್ಟಿಗೆ ಒಂದೇ. 1970ರ ದಶಕದಿಂದ ಹಬ್ಬಿದ ಕರಿಸ್ಮ್ಯಾಟಿಕ್ ಪ್ರಾರ್ಥನಾ ಚಳವಳಿ, ಕೇರಳದ ಮುರಿಂಗೂರಿನ ಧ್ಯಾನಕೇಂದ್ರದಂಥ ಕಡೆ ಕನ್ನಡದಲ್ಲೂ ನಡೆಯುವ ತಪಸ್ಸುಗಳು ಇದೇ ಹಸಿವಿಗೆ ಇನ್ನೊಂದು ರೀತಿಯಲ್ಲಿ ಅನ್ನ ಹಾಕುತ್ತಿವೆ. ಧರ್ಮಾಧ್ಯಕ್ಷರು ಇದನ್ನು ಸ್ವಲ್ಪ ಅಂಜಿಕೆಯಿಂದಲೂ ಸ್ವಲ್ಪ ಸಮಾಧಾನದಿಂದಲೂ ನೋಡುತ್ತಾರೆ.

ಇನ್ನೂ ತೀರದ್ದು

ಮೊದಲನೆಯದು ಜಾತಿ. ಕನ್ಯಾಕುಮಾರಿಯ ದೇವಸಹಾಯಂ 2022ರ ಮೇ 15ರಂದು ಸಂತಪದವಿ ಪಡೆದ ಮೊದಲ ಭಾರತೀಯ ಗೃಹಸ್ಥರಾದರು. ಅವರ ಹೆಸರಿನ ಜೊತೆಗಿದ್ದ ಪಿಳ್ಳೈ ಎಂಬ ಜಾತಿಸೂಚಕವನ್ನು ಆಕ್ಷೇಪಣೆಗಳ ನಂತರ ರೋಮ್ ಕೈಬಿಟ್ಟಿತು. ಹೆಸರಿನಿಂದ ಜಾತಿ ತೆಗೆಯಲು ಅಷ್ಟು ಸೆಣಸಬೇಕಾಯಿತು. ಯಾಜಕರ, ಸನ್ಯಾಸಿನಿಯರ ಆಯ್ಕೆಯಲ್ಲಿ ಅದು ಎಷ್ಟು ಹೋಗಿದೆ ಎಂಬ ಪ್ರಶ್ನೆಯನ್ನು ದಲಿತ ಕ್ರೈಸ್ತರು ಬಿಟ್ಟಿಲ್ಲ.

ಎರಡನೆಯದು ಹೆಂಗಸರ ಮಾತು. ಕೆಲಸದ ಬಹುಭಾಗ ಸಹೋದರಿಯರದು, ತೀರ್ಮಾನದ ಕುರ್ಚಿ ಯಾಜಕರದು. ಮರಿಯಂಳನ್ನು ಕಳಿಸಿದ ಕಾಲದಿಂದ ಈ ಲೆಕ್ಕ ಬಹಳವೇನೂ ಬದಲಾಗಿಲ್ಲ. ಮೂರನೆಯದಾಗಿ, ಮಠ ಸೇರುವವರ ಸಂಖ್ಯೆ ಸಣ್ಣ ಕುಟುಂಬಗಳ ಕಾಲದಲ್ಲಿ ಕುಗ್ಗುತ್ತಿರುವಾಗ ಆಸ್ಪತ್ರೆ, ಶಾಲೆಗಳನ್ನು ಯಾರು ನಡೆಸಬೇಕು ಎಂಬುದೂ ಎದುರಿಗಿದೆ.

ಕೊನೆಯದು ಭಾಷೆ. ಮಹಾಸಭೆ ಜನರ ನುಡಿಯಲ್ಲಿ ಬಲಿಪೂಜೆ ಮಾಡಲು ಬಾಗಿಲು ತೆರೆದ ಮೇಲೆ ಬೆಂಗಳೂರಿನಲ್ಲಿ ಜನರ ನುಡಿ ಯಾವುದು ಎಂಬ ಜಗಳ ಹುಟ್ಟಿತು. ತಮಿಳು, ಇಂಗ್ಲಿಷ್, ಕೊಂಕಣಿ, ಕನ್ನಡ ಎಲ್ಲಕ್ಕೂ ಹಕ್ಕುದಾರರಿದ್ದರು. ಕನ್ನಡ ಕಥೋಲಿಕರು ದಶಕಗಳ ಕಾಲ ಹೋರಾಡಿ ತಮ್ಮ ನುಡಿಗೆ ಜಾಗ ಪಡೆದರು. ಅಧಿಕಾರದ ಜಾಗ ಸಿಕ್ಕಿದೆಯೇ ಎಂಬ ವಾದ ನಿಂತಿಲ್ಲ. ಮಧುಗಿರಿ, ಶಿರಾ ಕಡೆಯ ಹಳ್ಳಿಗಳಿಗೆ ಈ ಜಗಳ ನಗರದ್ದು ಎನಿಸಬಹುದು, ಆದರೆ ಅಲ್ಲಿಗೆ ಬರುವ ಗುರುಗಳ ಕನ್ನಡ ಹೇಗಿರುತ್ತದೆ ಎಂಬುದನ್ನು ತೀರ್ಮಾನಿಸುವುದು ಇದೇ ಜಗಳ. ಚಿನ್ನಮಿಯವರು ಕನ್ನಡ ವ್ಯಾಕರಣ ಬರೆದು ಮೂರೂವರೆ ಶತಮಾನ ಕಳೆದಿದೆ. ಕರ್ನಾಟಕದ ನೆಲದಲ್ಲಿ ದುಡಿದ ಗೋವೆಯ ಒಬ್ಬರೂ ಗಲಿಲೇಯದ ಒಬ್ಬಳೂ ಸಂತರ ಪಟ್ಟಿಯಲ್ಲಿದ್ದಾರೆ. ಕನ್ನಡ ತಾಯ್ನುಡಿಯವರು ಅದರಲ್ಲಿ ಇದುವರೆಗೆ ಒಬ್ಬರೂ ಇಲ್ಲ.